ಸೆಂಟ್ರಿಂಗ್ ಬಿಚ್ಚಿದಾಗ ಕಂಬಗಳು ಹಸಿರಾಗಿವೆ: ಸಿಮೆಂಟು ಕೆಟ್ಟಿದೆಯೇ?

ಪ್ರಶ್ನೆ:
ಬಳ್ಳಾರಿಯಲ್ಲಿ ಕಟ್ಟಿಸುತ್ತಿರುವ ನಮ್ಮ ಮನೆಯ ಕಂಬಗಳ ಸೆಂಟ್ರಿಂಗನ್ನು ನಿನ್ನೆ ಬಿಚ್ಚಿದಾಗ ಕಾಂಕ್ರೀಟು ಎಂದಿನ ಬೂದುಬಣ್ಣದ ಬದಲು ನೀಲಿ ಬೆರೆತ ಹಸಿರಾಗಿ ಕಂಡಿತು. ಪಾಯಕ್ಕೆ 53 ಗ್ರೇಡಿನ ಓಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು) ಬಳಸಿದ್ದೆವು; ಕಂಬಗಳಿಗೆ ಸ್ಲ್ಯಾಗ್ ಸಿಮೆಂಟು ತಂದೆವು. ನೀರಿನಲ್ಲಿ ಪಾಚಿ ಇದ್ದಿರಬೇಕೆಂದು ಮೇಸ್ತ್ರಿ ಹೇಳುತ್ತಾರೆ. ಕಂಬಗಳನ್ನು ಒಡೆಸಬೇಕೇ?

ಉತ್ತರ:
ಒಡೆಸಬೇಡಿ. ಬೆಳಕೇ ಬೀಳದ ಹಲಗೆಯ ಒಳಗೆ ಎರಡು ದಿನದಲ್ಲಿ ಪಾಚಿ ಬೆಳೆಯುವುದಿಲ್ಲ. ಸ್ಲ್ಯಾಗ್ ಎಂಬುದು ಕಬ್ಬಿಣದ ಊದುಕುಲುಮೆಯಿಂದ ಬರುವ ಕಿಟ್ಟ. ನಮ್ಮ ದೇಶದ ಮಾನಕದಂತೆ ಈ ಬಗೆಯ ಸಿಮೆಂಟಿನಲ್ಲಿ ಅದು ಶೇ. 25ರಿಂದ 70ರವರೆಗೆ ಇರಬಹುದು. ಅದರಲ್ಲಿರುವ ಅಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳು ಗಾಳಿ ತಾಗದಿರುವಾಗ ಹಸಿರು-ನೀಲಿ ಛಾಯೆ ಕೊಡುತ್ತವೆ, ಗಾಳಿಯ ಆಮ್ಲಜನಕ ಸೇರಿದೊಡನೆ ಆ ಛಾಯೆ ಮೆಲ್ಲಗೆ ಮಾಸುತ್ತದೆ. ಅನುಮಾನವಿದ್ದರೆ ಕಂಬದ ಅಂಚಿನಿಂದ ಸಣ್ಣ ಚೂರನ್ನು ಒಡೆದು ಬಿಸಿಲಿಗಿಟ್ಟು ನೋಡಿ.

ಒಂದು ಎಚ್ಚರಿಕೆ: ಮೇಲ್ಮೈ ಒದ್ದೆಯಿದ್ದಷ್ಟೂ ದಿನ ಹಸಿರು ಉಳಿಯುತ್ತದೆಂದು ಕ್ಯೂರಿಂಗನ್ನು ಬೇಗ ನಿಲ್ಲಿಸುವವರಿದ್ದಾರೆ. ಸ್ಲ್ಯಾಗ್ ಸಿಮೆಂಟು ಆರಂಭದಲ್ಲಿ ನಿಧಾನವಾಗಿ ಬಲ ಪಡೆಯುವುದರಿಂದ, ಅದರಲ್ಲೂ ನಿಮ್ಮ ಊರಿನ ಬಿಸಿಲಿನಲ್ಲಿ, ಗೋಣಿಚೀಲ ಸುತ್ತಿ 14 ದಿನ ನೀರು ಹಾಕಲೇಬೇಕು. ಬಣ್ಣ ಕಾಯಬಹುದು, ಬಲ ಕಾಯುವುದಿಲ್ಲ.

ಮರುಪ್ರಶ್ನೆ:
ಧನ್ಯವಾದಗಳು ಸರ್. ಗಿಲಾವು ಮಾಡದೆ ಕಂಬಗಳನ್ನು ಹಾಗೆಯೇ ಬಿಡುವ ಆಸೆಯಿದೆ. ಹಸಿರು ಹೋದ ಮೇಲೆ ಅವು ಪಾಯದ ಬಣ್ಣಕ್ಕೆ ಹೊಂದುತ್ತವೆಯೇ?

ಉತ್ತರ:
ಪೂರ್ತಿ ಹೊಂದುವುದಿಲ್ಲ, ಕಂಬಗಳು ತುಸು ತಿಳಿಯಾಗಿಯೇ ಉಳಿಯುತ್ತವೆ. ಓಪಿಸಿಗೆ ಬೂದುಬಣ್ಣ ಬರುವುದು ಮುಖ್ಯವಾಗಿ ಜೇಡಿಮಣ್ಣು ಮತ್ತು ಅದಿರಿನೊಡನೆ ಸಿಮೆಂಟು ಸುಡುವ ಗೂಡಿಗೆ ಸೇರುವ ಕಬ್ಬಿಣದಿಂದ, ಸುಮಾರು ಶೇ. 3ರಷ್ಟಿರುವ ಕಬ್ಬಿಣದ ಆಕ್ಸೈಡು ಅಲ್ಯುಮಿನ ಮತ್ತು ಸುಣ್ಣದೊಡನೆ ಕೂಡಿ ಫೆರೈಟ್ ಎಂಬ ಸಂಯುಕ್ತವಾಗುತ್ತದೆ. ಶುದ್ಧವಾಗಿದ್ದರೆ ಅದು ಕಂದು. ಮೆಗ್ನೀಷಿಯ ಬೆರೆತಾಗ ಕಪ್ಪು ಛಾಯೆಗೆ ತಿರುಗುತ್ತದೆ. ಕಿಟ್ಟದಿಂದ ಕಬ್ಬಿಣವನ್ನು ಕುಲುಮೆಯವರು ಆಗಲೇ ಸೋಸಿ ತೆಗೆದಿರುವುದರಿಂದ ಅದರ ಪುಡಿ ಬಿಳಿಗೆ ಹತ್ತಿರ. ಬಿಳಿ ಸಿಮೆಂಟಿನ ಗುಟ್ಟೂ ಕಬ್ಬಿಣವನ್ನು ದೂರವಿಡುವುದೇ.

ಮುಂದಿನ ಕಂಬಗಳಿಗಾದರೂ ಒಂದೇ ಬಗೆಯ ಸಿಮೆಂಟು, ಒಂದೇ ಕಡೆಯ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಹಾಗೂ ಅಳೆದ ನೀರು ಬಳಸಿ. ನೀರು ಹೆಚ್ಚಾಗಿ ಕಲಸಿದ ಕಾಂಕ್ರೀಟು ಉಳಿದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ.

ಮೂರು ವಾರಗಳ ನಂತರ, ಪ್ರಶ್ನೆ ಕೇಳಿದವರಿಂದ:
ಕ್ಯೂರಿಂಗ್ ಮುಗಿದು ಒಣಗಿದ ಮೇಲೆ ಕಂಬಗಳು ತಿಳಿಬೂದಿಗೆ ತಿರುಗಿವೆ. ಹಲಗೆಯೊಂದನ್ನು ಬಿಚ್ಚದೆ ಬಿಟ್ಟಿದ್ದ ಮೂಲೆಯ ಕಂಬದ ಒಂದು ಮಗ್ಗುಲು ಮಾತ್ರ ಇನ್ನೂ ಹಸಿರಾಗಿದೆ. ಅದನ್ನು ಮೇಸ್ತ್ರಿಗೆ ತೋರಿಸಿದ್ದೇನೆ.