45 ಸಾವಿರದಲ್ಲಿ ಮೊದಲ ಬೈಕ್: ಸೆಕೆಂಡ್ ಹ್ಯಾಂಡ್ ಯಾವುದು ತೊಗೊಳ್ಳಲಿ?

ಪ್ರಶ್ನೆ, ದಾವಣಗೆರೆಯಿಂದ

ನಮಸ್ಕಾರ. ದಿನಾ ಹರಿಹರಕ್ಕೆ ಕೆಲಸಕ್ಕೆ ಹೋಗಬೇಕು, ಶಿಫ್ಟ್ ಸಮಯಕ್ಕೆ ಬಸ್ ಹೊಂದುವುದಿಲ್ಲ. ಸೆಕೆಂಡ್ ಹ್ಯಾಂಡ್ ಬೈಕ್ ನೋಡುತ್ತಿದ್ದೇನೆ. ಕೈಯಲ್ಲಿ 45 ಸಾವಿರ ಇದೆ, ಅದರ ಮೇಲೆ ಒಂದು ರೂಪಾಯಿ ಇಲ್ಲ. ಇಲ್ಲಿತನಕ ಅಕ್ಕನ ಸ್ಕೂಟಿ ಮಾತ್ರ ಓಡಿಸಿದ್ದು, ಗೇರ್ ಗಾಡಿ ಹೊಸದು. ಎತ್ತರ 5 ಅಡಿ 4 ಇಂಚು. ಗೆಳೆಯರು ಪಲ್ಸರ್ ಅಂತಾರೆ, ಮಾವ ಸ್ಪ್ಲೆಂಡರ್ ಬಿಟ್ಟು ಬೇರೆ ಮಾತೇ ಆಡಲ್ಲ. ಗಾಡಿ ನೋಡಲು ಹೋದಾಗ ಏನು ನೋಡಬೇಕು ಅನ್ನೋದೂ ಗೊತ್ತಿಲ್ಲ. ತೊಗೊಂಡವರು ಸ್ವಲ್ಪ ಹೇಳಿ.

ರಾಣೆಬೆನ್ನೂರಿನಿಂದ

ಮಾವನ ಮಾತು ಕೇಳಿ. ಸ್ಪ್ಲೆಂಡರ್ ಅಂದರೆ ಹುಡುಗರು ನಗುತ್ತಾರೆ, ನಗಲಿ. ಯಾವ ಹೋಬಳಿಯಲ್ಲಿ ನಿಂತರೂ ಅದರ ಕ್ಲಚ್ ಕೇಬಲ್ ಸಿಗುತ್ತದೆ, ಹಾಕುವ ಮೇಸ್ತ್ರಿಯೂ ಸಿಗುತ್ತಾನೆ. ತೂಕ ಸುಮಾರು 110 ಕೆ.ಜಿ. ಸಂತೆಯ ಗದ್ದಲದಲ್ಲಿ ವಾಲಿದರೂ ಕಾಲು ಕೊಟ್ಟು ತಡೆಯಬಹುದು. 350 ಸಿಸಿ ಬುಲೆಟ್ ಆದರೆ 190 ಕೆ.ಜಿ. ದಾಟುತ್ತದೆ, ಹೊಸಬರ ಕೈಲಿ ವಾಲಿತು ಅಂದರೆ ಮಲಗಿತು ಅಂತಲೇ ಲೆಕ್ಕ.

ತಕರಾರು ಒಂದೇ. ಎಲ್ಲರಿಗೂ ಸ್ಪ್ಲೆಂಡರೇ ಬೇಕು, ಹಾಗಾಗಿ ಹಳೆಯದಾದರೂ ರೇಟ್ ಇಳಿಯುವುದಿಲ್ಲ. ಅದೇ ದುಡ್ಡಿಗೆ ಎಚ್‌ಎಫ್ ಡಿಲಕ್ಸ್ ಕೂಡ ನೋಡಿ. ಅದೂ 97.2 ಸಿಸಿಯೇ, ಸ್ವಲ್ಪ ಹೊಸ ಗಾಡಿ ಸಿಗುತ್ತದೆ. ಪ್ಲಾಟಿನಾ, ಸಿಟಿ 100, ಟಿವಿಎಸ್ ಸ್ಪೋರ್ಟ್ ಕೂಡ ತಲೆನೋವಿಲ್ಲದ ಗಾಡಿಗಳು. ಮಾರುವಾಗ ಅವಕ್ಕೆ ಸ್ಪ್ಲೆಂಡರ್ ಬೆಲೆ ಬರಲ್ಲ ಅಂತಾರೆ. ನೀವು ಕೊಳ್ಳುತ್ತಿರುವವರು ಅಲ್ವಾ, ಲಾಭ ನಿಮಗೇ.

ಹುಬ್ಬಳ್ಳಿಯಿಂದ, ಗ್ಯಾರೇಜ್ ಕೆಲಸದವರು

ತಮ್ಮಾ, ಮಾಡೆಲ್ ಜಗಳ ಆಮೇಲೆ. ಈ ಬಜೆಟ್‌ಗೆ ಸಿಗುವುದು ಹೆಚ್ಚು ಕಡಿಮೆ ಏಳೆಂಟು ವರ್ಷ ಓಡಿದ ಗಾಡಿ. ಆ ವಯಸ್ಸಿಗೆ ಕಂಪನಿ ಹೆಸರಿಗಿಂತ ಗಾಡಿ ಯಾರ ಕೈಲಿತ್ತು ಅನ್ನೋದೇ ದೊಡ್ಡದು. ಇನ್ನೊಂದು, 45 ಇದೆ ಅಂತ 45ರ ಗಾಡಿ ನೋಡಬೇಡ. 37–38ಕ್ಕೆ ನಿಲ್ಲಿಸು. ಉಳಿದದ್ದು ಟೈರ್, ಚೈನ್ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲುಚಕ್ರ), ಬ್ಯಾಟರಿ, ಇನ್ಶೂರೆನ್ಸ್ ಅಂತ ಹೋಗೇ ಹೋಗುತ್ತದೆ. ಬಜೆಟ್ ಪೂರ್ತಿ ಗಾಡಿಗೇ ಸುರಿದವರು ಮೊದಲ ತಿಂಗಳೇ ಸಾಲ ಹೇಳಿ ಕೆಲಸ ಮಾಡಿಸುತ್ತಾರೆ, ನನ್ನ ಹತ್ತಿರ ಖಾತೆ ಪುಸ್ತಕವೇ ಇದೆ.

ನೋಡಲು ಹೋಗುವ ಮುಂಚೆ ಫೋನ್ ಮಾಡಿ, ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹೇಳು. ಹೋದ ತಕ್ಷಣ ಇಂಜಿನ್ ಪಕ್ಕ ಅಂಗೈ ಹಿಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳು. ಬಿಸಿ ಇಂಜಿನ್ ತನ್ನ ರೋಗ ಮುಚ್ಚಿಡುತ್ತದೆ, ತಣ್ಣಗಿರುವಾಗಲೇ ಎಲ್ಲ ಗೊತ್ತಾಗೋದು. ಚೋಕ್ ಎಳೆದು ಕಿಕ್ ಹೊಡೆದರೆ ಎರಡು ಮೂರು ಕಿಕ್ಕಿಗೆ ಹಿಡಿಯಬೇಕು. ಆಮೇಲೆ ಸೈಲೆನ್ಸರ್ ಹಿಂದೆ ನಿಲ್ಲು. ಬೆಳಿಗ್ಗೆ ತೆಳ್ಳಗೆ ಬಿಳಿ ಆವಿ ಬಂದು ನಿಂತರೆ ಚಿಂತೆ ಇಲ್ಲ. ನೀಲಿ ಹೊಗೆ ಬಿಡದೆ ಬಂತು ಅಂದರೆ ಆಯಿಲ್ ಸುಡುತ್ತಿದೆ, ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಹೋಗಿದೆ. ಇಂಜಿನ್ ಇಳಿಸಬೇಕು, ಸಾವಿರದಲ್ಲಿ ಮುಗಿಯಲ್ಲ. ಕಪ್ಪು ಹೊಗೆ ಆದರೆ ಕಾರ್ಬೊರೇಟರ್ ಸೆಟ್ಟಿಂಗ್ ಅಥವಾ ಏರ್ ಫಿಲ್ಟರ್, ಅಷ್ಟೇನೂ ಖರ್ಚಲ್ಲ.

ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರಿಗೆ ಹಿಂದಿನ ಸೀಟ್ ಒತ್ತಿ ಹಿಡಿಯಲು ಹೇಳು. ಮುಂದಿನ ಚಕ್ರ ನೆಲ ಬಿಡಬೇಕು. ಹ್ಯಾಂಡಲನ್ನು ಒಂದೇ ಬೆರಳಲ್ಲಿ ನಿಧಾನ ಎಡಕ್ಕೆ, ನಿಧಾನ ಬಲಕ್ಕೆ ತಿರುಗಿಸು. ಸಲೀಸಾಗಿ ಹೋಗಬೇಕು. ನಡುಮಧ್ಯೆ ‘ಕಟಕ್’ ಅಂತ ಸಿಕ್ಕಿ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಅದು ಬದಲಾಯಿಸುವ ಸಾಮಾನು, ಚೌಕಾಸಿಗೆ ಒಂದು ಪಾಯಿಂಟ್ ಸಿಕ್ಕಿತು ಅಂದುಕೋ. ಆದರೆ ಹ್ಯಾಂಡಲ್ ನೆಟ್ಟಗಿದ್ದೂ ಚಕ್ರ ಪಕ್ಕಕ್ಕೆ ನೋಡುತ್ತಿದ್ದರೆ ಗಾಡಿ ಬಿದ್ದಿದೆ. ಹಾಗಿದ್ದರೆ ಟ್ಯಾಂಕ್ ಮುಂದೆ, ಚಾಸಿಸ್ (ಗಾಡಿಯ ಕಬ್ಬಿಣದ ಚೌಕಟ್ಟು) ಕುತ್ತಿಗೆ ಹತ್ತಿರ ಬಗ್ಗಿ ನೋಡು. ಅಲ್ಲಿ ವೆಲ್ಡಿಂಗ್ ಗೆರೆ ಅಥವಾ ಅಲ್ಲಿಗಷ್ಟೇ ಹೊಸ ಪೇಂಟ್ ಕಂಡರೆ ಟೀ ಕುಡಿದು ವಾಪಸ್ ಬಾ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಮೀಟರ್ ನಂಬಬೇಡ. ಕೇಬಲ್ ಕಿತ್ತರೆ ಅದು ನಿಲ್ಲುತ್ತದೆ. ಮೀಟರ್ 18 ಸಾವಿರ ತೋರಿಸುತ್ತಿದ್ದು ಗೇರ್ ಲಿವರ್ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದ್ದರೆ ಯಾವುದು ಸುಳ್ಳು ಅಂತ ನೀನೇ ಲೆಕ್ಕ ಹಾಕು. ಟೈರ್ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2317 ಅಂತಿದ್ದರೆ 2017ರ 23ನೇ ವಾರ ತಯಾರಾದದ್ದು. ಟೈರ್ ಮೇಲಿನ ಗೀರು ಸವೆಯದೆ ಚೆನ್ನಾಗಿ ಕಂಡರೂ ಅಷ್ಟು ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಜಾರುತ್ತದೆ. ಹಿಂದಿನ ಸ್ಪ್ರಾಕೆಟ್ ಮೇಲೆ ಚೈನ್ ಹಿಡಿದು ಹಿಂದಕ್ಕೆ ಎಳಿ, ಹಲ್ಲು ಅರ್ಧ ಕಾಣುವಷ್ಟು ಎದ್ದು ಬಂದರೆ ಸೆಟ್ ಬದಲಾಯಿಸಬೇಕು.

ಟೆಸ್ಟ್ ರೈಡ್ ನೀನು ಮಾಡಬೇಡ, ಓಡಿಸಿ ಅಭ್ಯಾಸ ಇರುವವರನ್ನು ಕರೆದುಕೊಂಡು ಹೋಗು. ಮೇಸ್ತ್ರಿಯನ್ನು ಕರೆದರೆ ಪೆಟ್ರೋಲ್, ಟೀ, ಜೊತೆಗೆ ಮುನ್ನೂರೋ ಐನೂರೋ ಕೊಡು. ಮಾರುವವರ ಪರಿಚಯದ ಮೇಸ್ತ್ರಿ ಮಾತ್ರ ಬೇಡ.

ತುಮಕೂರಿನಿಂದ

ಎಲ್ಲರೂ ಸ್ಪ್ಲೆಂಡರ್ ಭಜನೆ ಶುರು ಮಾಡಿದ್ದೀರಿ. ಪಿ.ಬಿ. ರಸ್ತೆಯೇ ಆಗಲಿ, ಹೈವೇ 48 ಆಗಲಿ, ಪಕ್ಕದಲ್ಲಿ ಲಾರಿ ಹೋದರೆ 100 ಸಿಸಿ ಗಾಡಿ ಅಲ್ಲಾಡುತ್ತದೆ. ಓವರ್‌ಟೇಕ್‌ಗೆ ದಮ್ಮೇ ಇರಲ್ಲ. ಅದೇ ಬಜೆಟ್‌ನಲ್ಲಿ ಶೈನ್ 125 ಅಥವಾ ಸ್ವಲ್ಪ ಹಳೇ ಯೂನಿಕಾರ್ನ್ 150 ಹುಡುಕಿ ಅಂತ ನನ್ನ ಅಭಿಪ್ರಾಯ. ಯೂನಿಕಾರ್ನ್ ಹೆಚ್ಚಾಗಿ ಆಫೀಸಿಗೆ ಹೋಗುವವರ ಕೈಲಿ ಇರುತ್ತದೆ, ಸರ್ವಿಸ್ ಮಾಡಿಸಿರುತ್ತಾರೆ. ಪಲ್ಸರ್ ಕೆಟ್ಟ ಗಾಡಿ ಅಲ್ಲ. ಅದನ್ನು ಕಾಲೇಜು ಹುಡುಗರು ಓಡಿಸಿದ್ದೇ ಅದರ ಕರ್ಮ. ಯಜಮಾನರ ವಯಸ್ಸು ಕೇಳಿ ತೊಗೊಳ್ಳಿ, ತಮಾಷೆ ಅಲ್ಲ.

ಗೆಳೆಯರು ಹೇಳದ ಇನ್ನೊಂದು ವಿಷಯ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರ್ ಮುಂದಕ್ಕೆ ತುಳಿಯುವುದು. ಪಲ್ಸರ್‌ನಲ್ಲಿ ಒಂದು ಕೆಳಗೆ, ಉಳಿದ ನಾಲ್ಕು ಮೇಲೆ. ಒಂದರಲ್ಲಿ ಕಲಿತು ಇನ್ನೊಂದು ಕೊಂಡರೆ ಸಿಗ್ನಲ್‌ನಲ್ಲಿ ಕಾಲಿಗೆ ಗಲಿಬಿಲಿ. ಕೊಳ್ಳುವ ಗಾಡಿಯಲ್ಲೇ ಕಲಿಯಿರಿ.

ಬ್ರೇಕ್ ವಿಷಯಕ್ಕೆ ಬಂದರೆ, ಏಪ್ರಿಲ್ 2019ರಿಂದ 125 ಸಿಸಿ ಮೇಲಿನ ಹೊಸ ಬೈಕ್‌ಗೆಲ್ಲ ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಸಿಕ್ಕಿ ಜಾರದಂತೆ ತಡೆಯುವುದು) ಕಡ್ಡಾಯವಾಯಿತು. 125 ಮತ್ತು ಅದರ ಕೆಳಗಿನವಕ್ಕೆ ಸಿಬಿಎಸ್ (ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ಹಿಡಿಯುವುದು) ಆದರೂ ಬೇಕು ಅಂತ ಆಯಿತು. ನಿಮ್ಮ ದುಡ್ಡಿಗೆ ಎಬಿಎಸ್ ಇರುವುದು ಸಿಗುವುದು ಕಷ್ಟ. ಕೊನೆಗೆ ಮುಂದೆ ಡಿಸ್ಕ್ ಇರುವುದನ್ನಾದರೂ ನೋಡಿ.

ಹುಬ್ಬಳ್ಳಿಯವರು ಮತ್ತೆ

ಯೂನಿಕಾರ್ನ್ ಒಪ್ಪಿದೆ, ಒಳ್ಳೇ ಇಂಜಿನ್. ಆದರೆ ಹುಡುಗ ಇನ್ನೂ ಕ್ಲಚ್ ಬಿಡುವುದನ್ನೇ ಕಲಿಯಬೇಕು. ದಾವಣಗೆರೆ–ಹರಿಹರ ಇರುವುದು ಹದಿನಾಲ್ಕು ಕಿ.ಮೀ. ಅಷ್ಟಕ್ಕೆ ಓವರ್‌ಟೇಕ್ ಯಾಕೆ ಬೇಕು? ಲಾರಿ ಹಿಂದೆ ನಿಧಾನ ಹೋಗಲಿ.

ಉಡುಪಿಯಿಂದ

ಒಂದೇ ಮಾತು. ಕೆಎ-19, ಕೆಎ-20 ಅಂತಿರುವ ನಮ್ಮ ಕಡೆಯ ಗಾಡಿ ಸಿಕ್ಕರೆ ಕೆಳಗೆ ಮಲಗಿ ನೋಡಿ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಮೇಲೆ ಪಾಲಿಶ್ ಹೊಡೆದಿರುತ್ತಾರೆ, ಸೈಲೆನ್ಸರ್ ಅಡಿ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು), ಸ್ಟ್ಯಾಂಡ್ ಬುಡ ತುಕ್ಕು ಹಿಡಿದಿರುತ್ತದೆ. ಪೆಟ್ರೋಲ್ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಡಿ, ಬೆಂಕಿ ಗಿಂಕಿ ಏನೂ ಬೇಡ. ಒಳಗೆ ಕಂದು ಪುಡಿ ಕಂಡರೆ ಅದು ಕಾರ್ಬೊರೇಟರ್‌ಗೆ ಇಳಿಯುತ್ತಾ ಇರುತ್ತದೆ. ಬಯಲುಸೀಮೆಯ ಗಾಡಿಗಳಲ್ಲಿ ಈ ರಗಳೆ ಕಡಿಮೆ.

ಬೆಂಗಳೂರಿನಿಂದ

ಇಂಜಿನ್ ಕೆಟ್ಟರೆ ದುಡ್ಡು ಕೊಟ್ಟು ಸರಿ ಮಾಡಿಸಬಹುದು. ಕಾಗದ ಕೆಟ್ಟಿದ್ದರೆ ಅಲೆದಾಟ. ಆರ್‌ಸಿ (ಗಾಡಿಯ ನೋಂದಣಿ ಪತ್ರ) ಕೈಯಲ್ಲಿ ಹಿಡಿದು ಚಾಸಿಸ್ ನಂಬರ್, ಇಂಜಿನ್ ನಂಬರ್ ಒಂದೊಂದು ಅಕ್ಷರ ತಾಳೆ ನೋಡಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ನೋಂದಣಿ ದಿನ, ಇನ್ಶೂರೆನ್ಸ್, ಎಮಿಷನ್ ಎಲ್ಲ ಬರುತ್ತದೆ. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರು ಇದ್ದರೆ, ‘ಸಾಲ ತೀರಿದೆ ಸಾರ್’ ಅನ್ನುವ ಮಾತು ಸಾಲದು. ಫೈನಾನ್ಸ್‌ನವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35 ಬೇಕು. ಎಚ್‌ಪಿ, ಅಂದರೆ ಆರ್‌ಸಿಯಲ್ಲಿನ ಆ ಸಾಲದ ನಮೂದು, ತೆಗೆಸಿದ ಮೇಲೆ ದುಡ್ಡು ಕೊಡಿ.

ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 2012ರ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡರೆ 2027ಕ್ಕೆ ಎಫ್‌ಸಿಗೆ (ಗಾಡಿ ಓಡಲು ಯೋಗ್ಯವಾ ಅನ್ನುವ ಪರೀಕ್ಷೆಗೆ) ನಿಲ್ಲಿಸಬೇಕು, ಪಾಸಾದರೆ ಮುಂದಿನ ಐದು ವರ್ಷ. ಹೊರ ರಾಜ್ಯದ ಗಾಡಿ ಬೇಡವೇ ಬೇಡ. ಅಲ್ಲಿಯ ಎನ್‌ಒಸಿ ತಂದು ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟುವಷ್ಟರಲ್ಲಿ ಅಗ್ಗದ್ದು ಅಗ್ಗ ಆಗಿ ಉಳಿಯಲ್ಲ. ನಿಮ್ಮ ದಾವಣಗೆರೆಯ ಕೆಎ-17 ಗಾಡಿಯೇ ಸಿಕ್ಕರೆ ಓಡಾಟ ಕಡಿಮೆ.

ಟ್ರಾಫಿಕ್ ದಂಡ ಬಾಕಿ ಇದೆಯಾ ನೋಡಿ. 2023ರಲ್ಲೂ 2025ರಲ್ಲೂ ಸರ್ಕಾರ ಶೇ 50 ರಿಯಾಯಿತಿ ಕೊಟ್ಟಾಗಲೂ ಕಟ್ಟದೆ ಕೂತವರು ಇದ್ದಾರೆ, ಗಾಡಿ ಮಾರಿ ಕೈ ತೊಳೆದುಕೊಳ್ಳುವುದು ಅವರ ಪ್ಲಾನ್. 2019ರ ಏಪ್ರಿಲ್‌ಗಿಂತ ಹಳೇ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ) ನಂಬರ್ ಪ್ಲೇಟ್ ಆಗಿದೆಯಾ ಅಂತಲೂ ಕೇಳಿ.

ಮಾಲೀಕರ ಹೆಸರು ಬದಲಾಯಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿ, ಖಾಲಿಯಾಗೇ ಕೈಗಿಟ್ಟು ‘ಯಾವಾಗ ಬೇಕಾದರೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ’ ಅಂತಾರೆ. ಹಾಗೆ ಮೂರು ಕೈ ದಾಟಿದ ಗಾಡಿಯ ಆರ್‌ಸಿ ಇನ್ನೂ ಮೊದಲಿನವರ ಹೆಸರಲ್ಲೇ ಇರುತ್ತದೆ. ಆರ್‌ಸಿಯಲ್ಲಿರುವ ಹೆಸರಿನ ಮನುಷ್ಯ ನಿಮ್ಮ ಎದುರಿಗೆ ಕೂತಿಲ್ಲ ಅಂದರೆ ಆ ವ್ಯವಹಾರ ಬಿಡಿ. ಇನ್ನು ಆನ್‌ಲೈನ್‌ನಲ್ಲಿ ‘ನಾನು ಮಿಲಿಟರಿಯವನು, ಟ್ರಾನ್ಸ್‌ಫರ್ ಆಗಿದೆ, ಗಾಡಿ ಕಳಿಸ್ತೀನಿ, ಅಡ್ವಾನ್ಸ್ ಹಾಕಿ’ ಅಂತ ಕ್ಯೂಆರ್ ಕೋಡ್ ಕಳಿಸುವವರಿಗೆ ಉತ್ತರವನ್ನೂ ಕೊಡಬೇಡಿ.

ಶಿವಮೊಗ್ಗದಿಂದ

ಎಲ್ಲರೂ ಗಾಡಿ ಬಗ್ಗೆ ಹೇಳಿದರು. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಇದೆಯಾ? ಅಕ್ಕನ ಸ್ಕೂಟಿಗೆ ಅಂತ ಗೇರ್ ಇಲ್ಲದ್ದಕ್ಕೆ ಮಾಡಿಸಿದ್ದರೆ ಈ ಬೈಕ್‌ಗೆ ಅದು ನಡೆಯಲ್ಲ, ಗೇರ್ ಗಾಡಿಗೇ ಬೇರೆ ಮಾಡಿಸಬೇಕು. ಎಲ್‌ಎಲ್ ಆಗಿ 30 ದಿನ ಕಳೆದ ಮೇಲೆ ಡಿಎಲ್ (ಪೂರ್ಣ ಲೈಸೆನ್ಸ್) ಟೆಸ್ಟ್. ಅಲ್ಲಿತನಕ ಎಲ್ ಬೋರ್ಡ್ ಹಾಕಿ, ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಓಡಿಸಿ.

ನಾನು 5 ಅಡಿ 1 ಇಂಚು. ಶೋರೂಮ್ ಅಳತೆ ಏನೇ ಇರಲಿ, ಸೀಟ್ ಮೇಲೆ ಕೂತಾಗ ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ನೆಲಕ್ಕೆ ಊರುತ್ತದಾ ನೋಡಿ. ಕೂತುಕೊಂಡೇ ಹಿಂದಕ್ಕೆ ತಳ್ಳಿ. ಪಾರ್ಕಿಂಗ್‌ನಿಂದ ತೆಗೆಯುವಾಗ ಅದೇ ಬೇಕಾಗೋದು. ಐಎಸ್‌ಐ ಗುರುತಿನ ಹೆಲ್ಮೆಟ್ ದುಡ್ಡನ್ನೂ ಆ 45ರಲ್ಲೇ ಸೇರಿಸಿಕೊಳ್ಳಿ. ರಸ್ತೆ ಬದಿಯ ಇನ್ನೂರು ರೂಪಾಯಿ ಟೋಪಿ ಬೇಡ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಎಲ್‌ಎಲ್ ಗೇರ್ ಗಾಡಿಗೇ ಮಾಡಿಸಿದ್ದೇನೆ ಅಕ್ಕಾ. ಸಂತೇಬೆನ್ನೂರಿನಲ್ಲಿ ಒಂದು 2016ರ ಸ್ಪ್ಲೆಂಡರ್ ನೋಡಿ ಬಂದೆ. ಸಿಂಗಲ್ ಓನರ್, ರಿಟೈರ್ ಆದ ಮೇಷ್ಟ್ರು, ಕೆಎ-17. ಹೊಗೆ ಇಲ್ಲ, ಹ್ಯಾಂಡಲ್ ಸಲೀಸು. ಟೈರ್ ಎರಡೂ ಹೋಗಿವೆ, ಇನ್ಶೂರೆನ್ಸ್ ಮುಗಿದು ಬಹಳ ದಿನ ಆಗಿದೆ. 42 ಕೇಳುತ್ತಾರೆ. ಏನು ಮಾಡಲಿ ಅಣ್ಣಾ?

ಹುಬ್ಬಳ್ಳಿಯವರು

ಇದು ನೋಡುವಂಥ ಗಾಡಿ. ಆರ್‌ಸಿ 2031ರ ತನಕ ಇದೆ. ಸುಮ್ನೆ ‘ಕಡಿಮೆ ಮಾಡಿ ಸಾರ್’ ಅನ್ನಬೇಡ, ಲೆಕ್ಕ ಮುಂದಿಡು. ಜೋಡಿ ಟೈರ್‌ಗೆ ಅಂಗಡಿಯಲ್ಲಿ ರೇಟ್ ಕೇಳಿ ಚೀಟಿಯಲ್ಲಿ ಬರೆದುಕೋ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಈ ಸಿಸಿಗೆ 714 ರೂಪಾಯಿ, ಮೇಲೆ ಜಿಎಸ್‌ಟಿ, ಮಾಲೀಕರ ಅಪಘಾತ ವಿಮೆ ಬೇರೆ. ಇನ್ಶೂರೆನ್ಸ್, ಎಮಿಷನ್ ಚಾಲ್ತಿಯಲ್ಲಿ ಇಲ್ಲದೆ ಹೆಸರು ಬದಲಾಗಲ್ಲ, ಆದ್ದರಿಂದ ಅದನ್ನು ಮೇಷ್ಟ್ರೇ ಮಾಡಿಸಿ ಕೊಡಲಿ ಅನ್ನು. 35ರಿಂದ ಮಾತು ಶುರು ಮಾಡು, 38 ದಾಟಬೇಡ. ಐದು ಸಾವಿರ ಅಡ್ವಾನ್ಸ್ ಕೊಟ್ಟು ರಸೀದಿ ಬರೆಸಿಕೋ. ಪರಿವಾಹನ್ ಸೈಟ್‌ನಲ್ಲಿ ಅರ್ಜಿ ಹಾಕಿ, ಅವರ ಸಹಿ, ಒಟಿಪಿ ಎಲ್ಲ ಆದ ದಿನ ಬಾಕಿ ಕೊಡು. ಗಾಡಿ ತರುವಾಗ ಮಾವ ಓಡಿಸಿಕೊಂಡು ಬರಲಿ, ಆ ಟೈರ್‌ನಲ್ಲಿ ನೀನು ಬೇಡ. ತಂದ ದಿನವೇ ಇಂಜಿನ್ ಆಯಿಲ್ ಬದಲಾಯಿಸು, ಮೊನ್ನೆ ತಾನೇ ಹಾಕಿಸಿದ್ದು ಅಂತ ಅವರು ಹೇಳಿದರೂ.