ಪದಚರ್ಚೆ (ತುರ್ತು): ‘ಗೋಲಿಗೆ ಅಡ್ಡಿ’ ಅಂದರೆ ಯಾರಿಗೆ ಅಡ್ಡಿ?

ವಿ.ಜಿ.:
ಎಲ್ಲರಿಗೂ ನಮಸ್ಕಾರ. ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಲೀಗು) ಐಸ್ ಹಾಕಿ ಪ್ಲೇಆಫ್‌ಗಳ ವಿವಾದಿತ ತೀರ್ಪುಗಳ ಕುರಿತ ವಿಡಿಯೊಗೆ ಕನ್ನಡ ಅಡಿಬರಹ ಬೇಕಾಗಿದೆ. ನೋಡುವವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸುತ್ತಮುತ್ತಲ ಕನ್ನಡ ಕುಟುಂಬಗಳು. ಕ್ರಿಕೆಟ್, ಫುಟ್‌ಬಾಲ್ ಬಲ್ಲರು, ಈ ಆಟ ಹೊಸದು. ಸಾಲಿಗೆ 30 ಅಕ್ಷರ ಮೀರುವಂತಿಲ್ಲ, ನಾಳೆ ಸಂಜೆ 6ಕ್ಕೆ ಕೊಡಬೇಕು. ಎದುರಾಳಿ ಬಂದು ಗೋಲ್‌ಕೀಪರನ ಕೆಲಸ ಕೆಡಿಸಿದರೆ ಗೋಲು ಲೆಕ್ಕಕ್ಕೆ ಬರುವುದಿಲ್ಲವಲ್ಲ, ಅದಕ್ಕೆ ‘ಗೋಲ್‌ಕೀಪರ್ ಹಸ್ತಕ್ಷೇಪ’ ಎಂದು ಹಾಕಿದ್ದೇನೆ. ಸರಿಯೇ? ‘ನೋ ಗೋಲ್’ಗೆ ಏನು?

ಕೆ.ಎಸ್.:
ಸರಿಯಲ್ಲ. ಹಾಗೆ ಬರೆದರೆ ಹಸ್ತಕ್ಷೇಪ ಮಾಡಿದವನೇ ಗೋಲ್‌ಕೀಪರ್ ಎಂದಾಗುತ್ತದೆ. ಇನ್ನೊಂದು ತೊಂದರೆ: ಸ್ಯಾನ್ ಹೊಸೆಯವರ ವಿಡಿಯೊ ಅಂದಮೇಲೆ 2019ರ ಮೇ 15ರ ಸೇಂಟ್ ಲೂಯಿಸ್ ಪಂದ್ಯ ಇರಲೇಬೇಕು. ಓವರ್‌ಟೈಮಿನಲ್ಲಿ ಸ್ಯಾನ್ ಹೊಸೆಯ ಶಾರ್ಕ್ಸ್ ತಂಡದ ಟಿಮೊ ಮೈಯರ್ ಪಕ್ಕನ್ನು (ಚೆಂಡಿನ ಬದಲು ಇರುವ ರಬ್ಬರ್ ತುಂಡು) ಕೈಯಿಂದ ತಳ್ಳಿದ, ಅದು ನೈಕ್ವಿಸ್ಟ್‌ಗೆ, ಅವನಿಂದ ಕಾರ್ಲ್‌ಸನ್‌ಗೆ ಹೋಗಿ ಗೋಲಾಯಿತು. ನಿಜವಾದ ‘ಹಸ್ತ’ ಇರುವುದು ಅಲ್ಲಿ. ಒಂದೇ ವಿಡಿಯೊದಲ್ಲಿ ಕೈ ತಾಗದ ಕಡೆ ಹಸ್ತಕ್ಷೇಪ ಎಂದು, ಕೈ ತಾಗಿದ ಕಡೆ ಇನ್ನೇನೋ ಹಾಕಿದರೆ ನೋಡುವವರು ಕಕ್ಕಾಬಿಕ್ಕಿ. ‘ಗೋಲಿಗೆ ಅಡ್ಡಿ’ ಮಾಡಿ, ಮುಗಿಯಿತು.

ಎಂ.ಎ.:
ಮುಗಿಯಲಿಲ್ಲ. ಗೋಲಿಗೆ ಅಂದರೆ ಗೋಲಿ (ಗೋಲ್‌ಕೀಪರ್) ಎಂಬುವನಿಗೋ, ಗೋಲು ಎಂಬುದಕ್ಕೋ? ಎರಡಕ್ಕೂ ಚತುರ್ಥಿ ಒಂದೇ ರೂಪ. ಗೋಲಿಗೆ ಅಡ್ಡಿಪಡಿಸುವುದು ಕೀಪರನ ಉದ್ಯೋಗ ಸಾರ್, ತಪ್ಪಲ್ಲ. ‘ಕೀಪರ್‌ಗೆ ಅಡ್ಡಿ’ ಎಂದರೆ ಗೊಂದಲವಿಲ್ಲ. ‘ಡಿಕ್ಕಿ’, ‘ಸ್ಪರ್ಶ’ ಎಂದು ಮಾತ್ರ ಬರೆಯಬೇಡಿ, ತಾಗಿದ್ದೆಲ್ಲ ತಪ್ಪಾಗುವುದಿಲ್ಲ. 2024ರ ಬಾಸ್ಟನ್–ಫ್ಲಾರಿಡಾ ನಾಲ್ಕನೇ ಪಂದ್ಯ ನೋಡಿ. ಸ್ಯಾಮ್ ಬೆನೆಟ್ ಬಾಸ್ಟನ್ನಿನ ಕಾಯ್ಲ್‌ನನ್ನು ನೂಕಿದ, ಕಾಯ್ಲ್ ಹೋಗಿ ತನ್ನದೇ ಕೀಪರ್ ಸ್ವೇಮನ್ ಮೇಲೆ ಬಿದ್ದ, ಬೆನೆಟ್ ಗೋಲು ಹೊಡೆದ. ವಿಡಿಯೊ ನೋಡಿ ಎಂದು ಬಾಸ್ಟನ್ ಕೋಚ್ ತಕರಾರು ತೆಗೆದರು. ತಾಗಿದ್ದು ಹೌದು, ಆದರೆ ಅದರಿಂದ ಕೀಪರನ ಕೆಲಸ ಕೆಟ್ಟಿಲ್ಲ ಎಂದು ಲೀಗು ಗೋಲನ್ನು ಎತ್ತಿಹಿಡಿಯಿತು. ತಕರಾರು ಬಿದ್ದುಹೋದದ್ದಕ್ಕೆ ಬಾಸ್ಟನ್‌ಗೆ 2 ನಿಮಿಷ ಒಬ್ಬ ಆಟಗಾರ ಕಡಿಮೆ. ಜಗಳವೆಲ್ಲ ತಾಗುವುದಕ್ಕೂ ಅಡ್ಡಿಯಾಗುವುದಕ್ಕೂ ನಡುವಿನ ಸಂದಿಯಲ್ಲೇ ಇದೆ. ಪದವೇ ಆ ಸಂದಿ ಮುಚ್ಚಿಬಿಡಬಾರದು.

ನಾ.ರಾ.:
ಎರವಲು ಪದಗಳನ್ನೇ ತಿರುವಿ ಹಾಕುವುದು ಇನ್ನೆಶ್ಟು ದಿನ? ಕೀಪರ್‌ಗೆ ‘ಕಾವಲಿಗ’, ಆಪ್‌ಸಯ್ಡ್‌ಗೆ ‘ಗೆರೆತುಳಿತ’, ಗೋಲಿನ ಮುಂದಿನ ಕ್ರೀಸಿಗೆ ‘ಅಂಕಣ’. ಅಂಕಣ ಎಂಬುದು ಅಂಕ ಮತ್ತು ಕಣ ಸೇರಿ ಆದದ್ದು, ಕೋಳಿಅಂಕದ ಅಂಕವೇ ಎಂದು ನನ್ನ ಎಣಿಕೆ. ನಮ್ಮ ಬಾಶೆಯಲ್ಲಿ ಇಲ್ಲದ್ದು ಯಾವುದಿದೆ?

ಕೆ.ಎಸ್.:
‘ಬಾಶೆ’ಯಲ್ಲಿ ಮಹಾಪ್ರಾಣ ಇಲ್ಲ, ಅದೊಂದು ಗೊತ್ತಾಯಿತು. ಅಂಕಣ ಎಂದರೆ ಕಂಬದಿಂದ ಕಂಬಕ್ಕೆ ಇರುವ ಜಾಗ. ಮನೆ ಎಷ್ಟು ಅಂಕಣದ್ದು ಎಂದು ಕೇಳುವವರು ಕೋಳಿ ಕಟ್ಟಲು ಕೇಳುವುದಿಲ್ಲ. ಕಬಡ್ಡಿಯಲ್ಲಿ ಇಡೀ ಆಟದ ಜಾಗವೇ ಅಂಕಣ. ‘ಅಂಕಣಕ್ಕೆ ಕಾಲಿಟ್ಟ’ ಎಂದು ಬಂದರೆ ಆಟಗಾರ ಈಗ ಆಡಲು ಇಳಿದ ಎಂದು ಓದುತ್ತಾರೆ. ‘ಗೆರೆತುಳಿತ’ವಂತೂ ನಿಯಮಕ್ಕೇ ತಿರುಗುಬಾಣ. ಪಕ್ ಪೂರ್ತಿ ದಾಟುವ ಮುಂಚೆ ಎರಡೂ ಸ್ಕೇಟ್ ಎದುರಾಳಿ ಕಡೆಯ ನೀಲಿಗೆರೆಯ ಆಚೆ ಹೋದರೆ ಮಾತ್ರ ಆಫ್‌ಸೈಡ್. ಗೆರೆ ತುಳಿದುಕೊಂಡು ನಿಂತವನು ಸಾಚಾ! 2020-21ರ ಸಾಲಿನಿಂದ ಹಿಂದಿನ ಸ್ಕೇಟ್ ಗೆರೆಯ ಮೇಲೆ ಗಾಳಿಯಲ್ಲಿದ್ದರೂ ಸಾಕು.

ಸು.ಹೆ.:
ನಾ.ರಾ. ಅವರು ಕೊಟ್ಟ ಪದಗಳು ಬಿದ್ದವು, ಸರಿ. ಆದರೆ ಇಂಗ್ಲಿಷ್ ಪದ ಇಟ್ಟರೆ ಕ್ಷೇಮ ಅಂದುಕೊಂಡರೆ, ಅದೂ ಸುಳ್ಳು. ಈ ಪದಗಳನ್ನು ಕನ್ನಡ ಬೇರೆ ಮನೆಯಿಂದ ಆಗಲೇ ಸಾಲ ತಂದಿದೆ. ‘ಪವರ್‌ಪ್ಲೇ’ ಅಂದರೆ ನಮ್ಮವರಿಗೆ ಮೊದಲ 6 ಓವರು. ‘ಪೆನಾಲ್ಟಿ’ ಅಂದರೆ ಕೀಪರನೆದುರು ಒಂಟಿ ಒದೆತ. ‘ಕ್ರೀಸ್’ ಅಂದರೆ ಗೆರೆ, ಇಲ್ಲಿ ಗೋಲಿನ ಮುಂದೆ ನೀಲಿ ಬಳಿದ 8 ಅಡಿ ಅಗಲದ ಜಾಗ. ‘ಆಫ್‌ಸೈಡ್’ ಫುಟ್‌ಬಾಲಿನದು, ಎದುರಾಳಿ ಎಲ್ಲಿ ನಿಂತಿದ್ದಾನೆ ಎಂದು ನೋಡುವುದು. ಕೊಡಗಿನ ಹಾಕಿ ನೋಡಿದವರನ್ನು ಕೇಳಿದರೂ ಪ್ರಯೋಜನವಿಲ್ಲ, ಆ ಹಾಕಿಯಲ್ಲಿ ಆಫ್‌ಸೈಡೇ 90ರ ದಶಕದಲ್ಲಿ ಹೋಯಿತು.

2019ರ ಏಪ್ರಿಲ್ 23ರ ವೇಗಸ್ ಪಂದ್ಯದಲ್ಲಿ ಆ ತಂಡದ ಈಕಿನ್‌ಗೆ ಬಿದ್ದ ಶಿಕ್ಷೆಯನ್ನು ಹೀಗೇ ಬರೆದು ನೋಡಿ: ‘ಈಕಿನ್‌ಗೆ ಮೇಜರ್ ಪೆನಾಲ್ಟಿ, ಶಾರ್ಕ್ಸ್‌ಗೆ ಪವರ್‌ಪ್ಲೇ’. ಏನೂ ತಿಳಿಯುವುದಿಲ್ಲ. ‘ಈಕಿನ್ ಹೊರಕ್ಕೆ, ತಂಡಕ್ಕೆ 5 ನಿಮಿಷ ಒಬ್ಬ ಕಡಿಮೆ’ ಎಂದು ಎರಡು ಸಾಲು ಮಾಡಿ. 2 ನಿಮಿಷದ ಶಿಕ್ಷೆ ಒಂದು ಗೋಲು ಬಿದ್ದರೆ ಮುಗಿಯುತ್ತದೆ, 5 ನಿಮಿಷದ್ದು ಗೋಲು ಎಷ್ಟು ಬಿದ್ದರೂ ಮುಗಿಯುವುದಿಲ್ಲ ಎಂದೂ ಒಂದು ಕಡೆ ಹೇಳಿ. ಇಲ್ಲದಿದ್ದರೆ ಶಾರ್ಕ್ಸ್ 0–3 ಇದ್ದದ್ದು ಒಂದೇ ಶಿಕ್ಷೆಯಲ್ಲಿ 4–3 ಹೇಗಾಯಿತು ಎಂದು ಕುಳಿತವರೆಲ್ಲ ಕೇಳುತ್ತಾರೆ.

ಎಂ.ಎ.:
‘ನೋ ಗೋಲ್’ ಯಾರೂ ಮುಟ್ಟಲೇ ಇಲ್ಲ. ಇದರಲ್ಲಿ ಕನ್ನಡ ಇಂಗ್ಲಿಷಿಗಿಂತ ನಿಖರ. ‘ಗೋಲಿಲ್ಲ’ ಅಂದರೆ ಯಾರೂ ಹೊಡೆದಿಲ್ಲ. ‘ಗೋಲಲ್ಲ’ ಅಂದರೆ ಒಳಗೆ ಹೋದದ್ದು ಗೋಲಲ್ಲ. ರೆಫರಿ ಅಲ್ಲೇ ಕೈಬೀಸಿ ಹೇಳುವುದು ‘ಗೋಲಲ್ಲ’. ಅವನು ಕೊಟ್ಟದ್ದನ್ನು ವಿಡಿಯೊ ನೋಡಿ ಕಿತ್ತುಕೊಂಡರೆ ‘ಗೋಲು ರದ್ದು’. 1999ರ ಫೈನಲ್ಲಿನ ಆರನೇ ಪಂದ್ಯದಲ್ಲಿ, ಮೂರನೇ ಓವರ್‌ಟೈಮಿನಲ್ಲಿ, ಡಲ್ಲಾಸ್‌ನ ಬ್ರೆಟ್ ಹಲ್ ಗೋಲು ಹೊಡೆದಾಗ ಅವನ ಸ್ಕೇಟು ಬಫೆಲೊ ಕೀಪರ್ ಹಾಶೆಕ್‌ನ ಕ್ರೀಸಿನೊಳಗಿತ್ತು. ಪಕ್ ಅವನ ಹಿಡಿತದಲ್ಲೇ ಇತ್ತು ಎಂದು ಲೀಗು ಗೋಲನ್ನು ಒಪ್ಪಿತು, ಕಪ್ ಡಲ್ಲಾಸ್‌ಗೆ ಹೋಯಿತು. ಬಫೆಲೊದವರು ಇಂದಿಗೂ ಕೂಗುವುದು ‘ಗೋಲಲ್ಲ’. ಅಲ್ಲಿ ‘ರದ್ದು’ ಹಾಕಿದರೆ ಚರಿತ್ರೆಯೇ ತಿರುಗಿಬೀಳುತ್ತದೆ.

ನಾ.ರಾ.:
ರದ್ದು ಅರಬ್ಬಿ.

ಎಂ.ಎ.:
ತಕರಾರೂ ಅರಬ್ಬಿಯೇ. ಮೂಲದಲ್ಲಿ ಅದರ ಅರ್ಥ ‘ಮತ್ತೆ ಮತ್ತೆ ಮಾಡುವುದು’. ವಿಡಿಯೊ ಮತ್ತೆ ಮತ್ತೆ ತಿರುಗಿಸಿ ನೋಡುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಪದ ತನ್ನಿ, ನೋಡೋಣ.

ವಿ.ಜಿ.:
‘ಕೀಪರ್‌ಗೆ ಅಡ್ಡಿ’, ‘ಗೋಲಲ್ಲ’, ‘ಗೋಲು ರದ್ದು’, ‘ಕೋಚ್ ತಕರಾರು’ ತೆಗೆದುಕೊಂಡೆ. ಮೈಯರ್ ಮಾಡಿದ್ದಕ್ಕೆ ‘ಕೈಪಾಸ್’. ಅದಕ್ಕೆ ಶಿಕ್ಷೆ ಇಲ್ಲ, ಆಟ ನಿಲ್ಲಿಸುವುದಷ್ಟೇ, ಹಾಗಾಗಿ ‘ಅಪರಾಧ’ ಹಾಕುವುದಿಲ್ಲ. ಆಗ ಅದನ್ನು ವಿಡಿಯೊದಲ್ಲಿ ನೋಡಲು ನಿಯಮ ಬಿಡುತ್ತಿರಲಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಕ್ರೀಸ್ ಮಾತ್ರ ಬಾಕಿ. ಪಕ್ಕಿಗೆ ಕನ್ನಡ ಏನು ಎಂದು ದಯವಿಟ್ಟು ಯಾರೂ ಶುರುಮಾಡಬೇಡಿ.

ಸು.ಹೆ.:
ಬಿಲ್ಲೆ. ಕುಂಟೆಬಿಲ್ಲೆಯ ಬಿಲ್ಲೆ. 3 ಇಂಚು ಅಗಲ, 1 ಇಂಚು ದಪ್ಪದ ರಬ್ಬರ್ ತುಂಡಿಗೆ ಇನ್ನೇನು ಬೇಕು? ಕುಂಟೆಬಿಲ್ಲೆಯಲ್ಲಿ ಗೆರೆ ಹಾಕಿದ ಜಾಗಕ್ಕೆ ಮನೆ ಅನ್ನುತ್ತಾರೆ. ಕ್ರೀಸಿಗೆ ‘ಕೀಪರ್ ಮನೆ’ ಅನ್ನಿ. ಹಲ್‌ನ ಕಾಲು ಕೀಪರ್ ಮನೆಯಲ್ಲಿತ್ತು. ಮಕ್ಕಳಿಗೂ ತಿಳಿಯುತ್ತದೆ.

ವಿ.ಜಿ.:
ತೆಗೆದುಕೊಂಡೆ, ಎರಡೂ. ಎಲ್ಲರಿಗೂ ಧನ್ಯವಾದ.

ನಾ.ರಾ.:
ಅಂಕಣದ ಮಾತು ಇನ್ನೂ ಮುಗಿದಿಲ್ಲ.