ನಮ್ಮ ಅಭ್ಯರ್ಥಿ ಸೋತು ಎದುರಾಳಿಗೇ ಬೆಂಬಲ ಕೊಟ್ಟಾಗ ನೀವೇನು ಮಾಡಿದಿರಿ?

ಪ್ರಶ್ನೆ, ನ್ಯೂಜೆರ್ಸಿಯಿಂದ

ಎಲ್ಲರಿಗೂ ನಮಸ್ಕಾರ. ಮನಸ್ಸಿಗೆ ತುಂಬಾ ಬೇಜಾರಾಗಿದೆ, ಅದಕ್ಕೇ ಕೇಳುತ್ತಿದ್ದೇನೆ. ಹದಿನಾಲ್ಕು ವರ್ಷ ಕಾದು ಅಮೆರಿಕದ ಪೌರತ್ವ ಪಡೆದವಳು ನಾನು. ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂದು ಮತದಾರರೇ ಆರಿಸುವ ಚುನಾವಣೆ ಇದೆಯಲ್ಲ, ಪ್ರೈಮರಿ, ಇದು ನನ್ನ ಮೊದಲನೆಯದು. ನಮ್ಮ ಕ್ಷೇತ್ರದಿಂದ ಸಂಸತ್ತಿಗೆ ಹೋಗಲು ನಿಂತಿದ್ದ ಒಬ್ಬರಿಗಾಗಿ ಮೂರು ತಿಂಗಳು ಶನಿವಾರ, ಭಾನುವಾರ ಮನೆ ಮನೆ ಸುತ್ತಿದೆ. ಅವರು ಸೋತರು. ಅದನ್ನು ಹೇಗೋ ತಡೆದುಕೊಂಡೆ. ಆದರೆ ಐದನೇ ದಿನಕ್ಕೆ, ಯಾರನ್ನು ದೊಡ್ಡ ದುಡ್ಡಿನವರ ಕಡೆಯವರು ಎಂದು ನಾವು ಬಾಗಿಲು ಬಾಗಿಲಲ್ಲಿ ಹೇಳಿದ್ದೆವೋ ಗೆದ್ದ ಅವರ ಪಕ್ಕದಲ್ಲೇ ನಿಂತು ಬೆಂಬಲ ಎಂದು ಕೈ ಎತ್ತಿದರು.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಜನ ಇದ್ದೆವು. ಜಗಳ ಆಗಿ ಒಂಬತ್ತು ಜನ ಹೊರಗೆ ಹೋದರು. ಹತ್ತೊಂಬತ್ತು ವರ್ಷದ ಮಗ ನವೆಂಬರ್‌ನಲ್ಲಿ ಮುಖ್ಯ ಚುನಾವಣೆಗೆ ವೋಟೇ ಹಾಕುವುದಿಲ್ಲ ಅನ್ನುತ್ತಿದ್ದಾನೆ. ನಾನು ಧೈರ್ಯ ಮಾಡಿ ಗೆದ್ದವರ ಕಚೇರಿಗೆ ಹೋದೆ. ಮೇಜಿನ ಹಿಂದೆ ಕೂತಿದ್ದ ಹುಡುಗ ನನ್ನ ಹೆಸರು ಟೈಪ್ ಮಾಡಿಕೊಂಡು, "ಇದೇ ಮೊದಲ ಸಲವಾ?" ಎಂದು ಕೇಳಿದ. ಇದೇ ಬೀದಿಗಳನ್ನು ಮೂರು ತಿಂಗಳು ಸುತ್ತಿದವಳಿಗೆ! ಏನೂ ಹೇಳಲಾಗಲಿಲ್ಲ. ಕರಪತ್ರದ ಕಟ್ಟನ್ನು ಅಲ್ಲೇ ಬಿಟ್ಟು ಬಂದೆ.

ನಿಮಗೆ ಹೀಗೆ ಆಗಿದ್ದರೆ ಹೇಗೆ ಸುಧಾರಿಸಿಕೊಂಡಿರಿ? ಮಗನಿಗೆ ಏನು ಹೇಳಲಿ?

ಸ್ಯಾನ್ ಹೋಸೆಯಿಂದ

ಮೇಡಂ, ಒಂದೇ ವಿಷಯ ಹೇಳುತ್ತೇನೆ. ಟಿಕೆಟ್ ಸಿಗದವರು ಬಂಡಾಯ ನಿಲ್ಲುವುದನ್ನು ನೋಡುತ್ತಾ ಬೆಳೆದವರು ನಾವು. ಊರಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್, ಮುನಿಸಿಕೊಳ್ಳುವುದೂ ಹೈಕಮಾಂಡ್ ಮೇಲೆ. ಇಲ್ಲಿ ಟಿಕೆಟ್ ಕೊಟ್ಟವರು ನಿಮ್ಮ ಪಕ್ಕದ ಮನೆಯ ಮತದಾರರು. ಜೊತೆಗೆ ಹೆಚ್ಚಿನ ರಾಜ್ಯಗಳಲ್ಲಿ ಪ್ರೈಮರಿಯಲ್ಲಿ ಸೋತವರು ಅದೇ ಚುನಾವಣೆಗೆ ಪಕ್ಷೇತರರಾಗಿ ನಿಲ್ಲಲು ಕಾನೂನು ಬಿಡುವುದಿಲ್ಲ. ಸೋತವರಿಗೆ ಉಳಿಯುವುದು ಬೆಂಬಲ ಕೊಡುವುದು, ಇಲ್ಲ ಸುಮ್ಮನಿರುವುದು. ಐದೇ ದಿನಕ್ಕೆ ಕೈ ಎತ್ತಿದರು ಅಂದ ಮಾತ್ರಕ್ಕೆ ಮಾರಿಕೊಂಡರು ಎಂದು ತೀರ್ಮಾನ ಮಾಡಬೇಡಿ.

ವರ್ಜೀನಿಯಾದಿಂದ

ತಂಗಿ, ನಿನ್ನ ಸಂಕಟ ನನಗೆ ಚೆನ್ನಾಗಿ ಗೊತ್ತು. 2008ರಲ್ಲಿ ಅಧ್ಯಕ್ಷ ಹುದ್ದೆಯ ಪ್ರೈಮರಿಯಲ್ಲಿ ನಾನು ಒಬಾಮಾ ಎದುರು ನಿಂತಿದ್ದ ಹಿಲರಿ ಕ್ಲಿಂಟನ್ ಕಡೆ ಇದ್ದೆ. ಆಗ ಗ್ರೀನ್ ಕಾರ್ಡ್ ಮಾತ್ರ ಇತ್ತು, ವೋಟು ಹಾಕುವ ಹಾಗಿರಲಿಲ್ಲ. ಆದರೂ ಸಂಜೆ ಅಡುಗೆ ಮುಗಿಸಿ ಫೋನ್ ಹಿಡಿದು ಕೂರುತ್ತಿದ್ದೆ. ಒಂದು ಹೆಣ್ಣು ಆ ಕುರ್ಚಿಗೆ ಹೋಗುವುದನ್ನು ನನ್ನ ಮಗಳು ನೋಡಬೇಕು ಅಂತ ಆಸೆ.

ಜೂನ್ 3ಕ್ಕೆ ಕೊನೆಯ ಪ್ರೈಮರಿಗಳು ಮುಗಿದವು. ಜೂನ್ 7, ಶನಿವಾರ, ವಾಷಿಂಗ್ಟನ್ನಿನ ನ್ಯಾಷನಲ್ ಬಿಲ್ಡಿಂಗ್ ಮ್ಯೂಸಿಯಂನಲ್ಲಿ ಅವರು ಒಬಾಮಾಗೆ ಬೆಂಬಲ ಹೇಳಿದರು. ಒಂಬತ್ತು ವರ್ಷದ ಮಗಳ ಕೈ ಹಿಡಿದು ಹೋಗಿದ್ದೆ. ಹೆಣ್ಣು ಮೇಲೇರದಂತೆ ತಡೆಯುವ ಗಾಜಿನ ಚಾವಣಿಗೆ, ತನಗೆ ಬಿದ್ದ ವೋಟುಗಳಷ್ಟು, ಒಂದು ಕೋಟಿ ಎಂಬತ್ತು ಲಕ್ಷ ಬಿರುಕು ಬಿದ್ದಿದೆ ಎಂದಾಗ ಎಲ್ಲರೂ ಅತ್ತರು. ಒಬಾಮಾ ಹೆಸರು ಬಂದಾಗ ಚಪ್ಪಾಳೆಯ ನಡುವೆ ಒಂದಿಷ್ಟು ಜನ "ಬೂ" ಅಂದರು. ನಾನು ಬೂ ಅನ್ನಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಎದುರಿಗೇ ಇದ್ದ ಜುಡಿಷಿಯರಿ ಸ್ಕ್ವೇರ್ ಮೆಟ್ರೋ ನಿಲ್ದಾಣದಲ್ಲಿ ಕೂತು ಎರಡು ರೈಲು ಹೋಗಲು ಬಿಟ್ಟೆ. ಮಗಳು, "ಅಮ್ಮ, ನಾವು ಈಗ ಯಾರ ಕಡೆ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ತಿಂಗಳ 27ಕ್ಕೆ ಇಬ್ಬರೂ ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಅನ್ನುವ ಪುಟ್ಟ ಊರಿಗೆ ಹೋದರು. ಪ್ರೈಮರಿಯಲ್ಲಿ ಆ ಊರಿನಲ್ಲಿ ಇಬ್ಬರಿಗೂ ಸರಿಯಾಗಿ 107 ವೋಟು ಬಿದ್ದಿದ್ದವು. ಟಿವಿಯಲ್ಲಿ ಅದನ್ನು ನೋಡಿದೆ, ಮನಸ್ಸು ಅಲ್ಲಾಡಲಿಲ್ಲ. ನನ್ನ ಗೆಳತಿಯರು ಕೆಲವರು ಎದುರು ಪಕ್ಷದ ಮೆಕೇನ್‌ಗೇ ಹಾಕುತ್ತೇವೆ ಅನ್ನುತ್ತಿದ್ದರು. ನನ್ನನ್ನು ತಿರುಗಿಸಿದ್ದು ಆಗಸ್ಟ್ 26ರ ರಾತ್ರಿ, ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪಕ್ಷದ ಡೆನ್ವರ್ ಅಧಿವೇಶನದಲ್ಲಿ ಕ್ಲಿಂಟನ್ ಮಾಡಿದ ಭಾಷಣ. ನೀವು ಈ ಪ್ರಚಾರಕ್ಕೆ ಬಂದದ್ದು ನನಗೋಸ್ಕರ ಮಾತ್ರವಾ, ಇಲ್ಲ ಆಸ್ಪತ್ರೆ ಬಿಲ್ಲು ಕಟ್ಟಲಾಗದ ತಾಯಿಗೋಸ್ಕರವಾ, ಯುದ್ಧಕ್ಕೆ ಹೋದ ಹುಡುಗನಿಗೋಸ್ಕರವಾ ಎಂಬ ಅರ್ಥದಲ್ಲಿ ಅವರು ಕೇಳಿದರು. ಮಾರನೇ ದಿನ ಸಭೆಯ ನಡುವೆ ತಾವೇ ನಿಂತು, ಒಬಾಮಾರನ್ನು ಎಲ್ಲರ ಒಪ್ಪಿಗೆಯಿಂದ ಆರಿಸೋಣ ಎಂದು ಸೂಚನೆ ಮಂಡಿಸಿದರು. ಜೂನ್‌ನಿಂದ ಆಗಸ್ಟ್ ಕೊನೆ, ಎರಡೂವರೆ ತಿಂಗಳು ಬೇಕಾಯಿತು ನನಗೆ. ನೀನು ಐದು ದಿನದಲ್ಲಿ ಸರಿಹೋಗಬೇಕು ಎಂದು ಯಾಕೆ ಅಂದುಕೊಳ್ಳುತ್ತೀಯಾ?

ಮಗನ ಹತ್ತಿರ ಆ ನಾಯಕರ ಪರ ವಾದ ಮಾಡಲು ಹೋಗಬೇಡ. ನೀನು ಯಾವ ವಿಷಯಕ್ಕೆ ಇವರ ಹಿಂದೆ ಹೋದೆ ಕಂದ, ಎಂದು ಕೇಳು. ಅವನು ಹೇಳಲಿ, ನೀನು ಕೇಳಿಸಿಕೋ.

ಮಿಷಿಗನ್‌ನಿಂದ

ಅಕ್ಕಾ, ಇದು ಉದ್ದ ಆಗಬಹುದು, ಕ್ಷಮಿಸಿ. ಇದನ್ನು ನಾನು ಯಾರ ಹತ್ತಿರವೂ ಪೂರ್ತಿ ಹೇಳಿಕೊಂಡಿಲ್ಲ.

2016ರಲ್ಲಿ ಅಧ್ಯಕ್ಷ ಹುದ್ದೆಯ ಪ್ರೈಮರಿಯಲ್ಲಿ ಹಿಲರಿ ಕ್ಲಿಂಟನ್ ಎದುರು ನಿಂತಿದ್ದ ಬರ್ನಿ ಸ್ಯಾಂಡರ್ಸ್ ಕಡೆ ನಾನಿದ್ದೆ. ಮಾರ್ಚ್ 8ರಂದು ಅವರು ಮಿಷಿಗನ್ ಪ್ರೈಮರಿ ಗೆದ್ದರು. ಸಮೀಕ್ಷೆಗಳೆಲ್ಲ ಕ್ಲಿಂಟನ್ ಮುಂದೆ ಇದ್ದಾರೆ ಎಂದಿದ್ದವು. ಆ ರಾತ್ರಿ ನಾವು ಕುಣಿದಿದ್ದೆವು. ಜುಲೈ 12ಕ್ಕೆ ಅವರು ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿ ಕ್ಲಿಂಟನ್ ಪಕ್ಕ ನಿಂತರು. ಐದು ತಿಂಗಳ ಹಿಂದೆ ಅದೇ ರಾಜ್ಯದಲ್ಲಿ ಶೇ. 60ರಷ್ಟು ವೋಟು ತೆಗೆದುಕೊಂಡು ಅವರನ್ನು ಸೋಲಿಸಿದ್ದವರು. ನಾನು ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು ಫೋನಿನಲ್ಲಿ ನೋಡಿದೆ. ತೊಡೆಯ ಮೇಲೆ ಮೊಸರನ್ನದ ಡಬ್ಬಿ ಇತ್ತು. ಮುಚ್ಚಳ ತೆಗೆಯದೇ ಒಳಗೆ ಹೋದೆ.

ಅವರು ಬರಿಗೈಯಲ್ಲಿ ಹೋಗಿರಲಿಲ್ಲ ಎಂಬುದು ನನಗೆ ಆಮೇಲೆ ಅರ್ಥವಾಯಿತು. ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಪಕ್ಷದ ಕಾರ್ಯಕ್ರಮದಲ್ಲಿ ಸೇರಿತು. ವರ್ಷಕ್ಕೆ 1,25,000 ಡಾಲರ್‌ವರೆಗೆ ಆದಾಯ ಇರುವ ಕುಟುಂಬದ ಮಕ್ಕಳಿಗೆ ಸರ್ಕಾರಿ ಕಾಲೇಜಿನಲ್ಲಿ ಫೀ ಇರಬಾರದು ಎಂಬುದನ್ನು ಕ್ಲಿಂಟನ್ ಒಪ್ಪಿಕೊಂಡರು. ಪ್ರೈಮರಿ ಫಲಿತಾಂಶಕ್ಕೆ ಕಟ್ಟುಬೀಳದೇ ಅಧಿವೇಶನದಲ್ಲಿ ತಮ್ಮಿಷ್ಟದಂತೆ ವೋಟು ಹಾಕಬಹುದಾದ ಪಕ್ಷದ ಹಿರಿಯರಾದ ಸೂಪರ್ ಡೆಲಿಗೇಟ್‌ಗಳ ಬಲವನ್ನು 2018ರಲ್ಲಿ ಪಕ್ಷ ಕಡಿಮೆ ಮಾಡಿತಲ್ಲ, ಅದರ ಬೀಜವೂ ಅಲ್ಲೇ ಬಿದ್ದದ್ದು. ಆದರೆ ಆ ದಿನ ಈ ಯಾವುದೂ ಕಣ್ಣಿಗೆ ಕಾಣಲಿಲ್ಲ. ಕಂಡದ್ದು ಪಕ್ಕಪಕ್ಕ ನಿಂತ ಇಬ್ಬರು ಮಾತ್ರ.

ಜುಲೈ 25ಕ್ಕೆ ಫಿಲಡೆಲ್ಫಿಯಾದಲ್ಲಿ, ಪಕ್ಷದ ಅಧಿವೇಶನಕ್ಕೆ ಬಂದಿದ್ದ ತಮ್ಮದೇ ಪ್ರತಿನಿಧಿಗಳ ಸಭೆಯಲ್ಲಿ, ಕ್ಲಿಂಟನ್ ಅವರನ್ನು ಗೆಲ್ಲಿಸಬೇಕು ಎಂದು ಸ್ಯಾಂಡರ್ಸ್ ಹೇಳಿದಾಗ ಅವರ ಜನವೇ ಅವರಿಗೆ ಬೂ ಅಂದರು. ಮಾರನೇ ದಿನ ನೂರಾರು ಪ್ರತಿನಿಧಿಗಳು ಸಭೆಯಿಂದ ಎದ್ದು ಹೊರಗೆ ನಡೆದರು. ಟಿವಿಯಲ್ಲಿ ಅವರನ್ನು ಹಟಮಾರಿ ಮಕ್ಕಳು ಎಂಬಂತೆ ತೋರಿಸಿದರು. ಅದು ನ್ಯಾಯವಲ್ಲ. ಅಧಿವೇಶನಕ್ಕೆ ಮೂರು ದಿನ ಮುಂಚೆ ಪಕ್ಷದ ಒಳಗಿನ ಇಮೇಲ್‌ಗಳು ಹೊರಬಿದ್ದಿದ್ದವು, ಸ್ಯಾಂಡರ್ಸ್ ಪ್ರಚಾರದ ಬಗ್ಗೆ ಪದಾಧಿಕಾರಿಗಳಿಗೆ ಎಷ್ಟು ಅಸಹನೆ ಇತ್ತು ಅಂತ ಅದರಲ್ಲಿ ಕಾಣುತ್ತಿತ್ತು. ಪಕ್ಷದ ಅಧ್ಯಕ್ಷೆಯೇ ಹುದ್ದೆ ಬಿಡಬೇಕಾಯಿತು. ಅಂಥ ವಾರದಲ್ಲಿ ನಗುನಗುತ್ತಾ ಕೂತಿರಿ ಅಂದರೆ ಹೇಗೆ?

ಈಗ ನನ್ನ ತಪ್ಪು ಹೇಳುತ್ತೇನೆ. ನಮ್ಮ ಬೇಲಿಯ ಆಚೆ ಒಬ್ಬ ಹಿರಿಯರಿದ್ದರು, ಕಾರು ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಾರ್ಚ್‌ನಲ್ಲಿ ನಾನೇ ಅವರ ಅಡುಗೆಮನೆ ಮೇಜಿನ ಎದುರು ಕೂತು, ವ್ಯಾಪಾರ ಒಪ್ಪಂದಗಳ ಬಗ್ಗೆ ಸ್ಯಾಂಡರ್ಸ್ ಏನು ಹೇಳುತ್ತಾರೆ ಅಂತ ವಿವರಿಸಿ ಅವರನ್ನು ಒಪ್ಪಿಸಿದ್ದೆ. ಅಕ್ಟೋಬರ್‌ನಲ್ಲಿ ಒಂದು ಸಂಜೆ ಎಲೆ ಗುಡಿಸುತ್ತಿದ್ದೆ. ಅವರು ಬೇಲಿ ಹತ್ತಿರ ಬಂದು, ಈಗ ಏನು ಮಾಡೋಣ ಎಂದು ಕೇಳಿದರು. ನನ್ನನ್ನು ನಂಬಿ ಕೇಳಿದ್ದರು. ನಾನು ಕುಂಟೆ ಎತ್ತದೇ, ನಿಮ್ಮಿಷ್ಟ ಅಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ನಾನು ನವೆಂಬರ್‌ನಲ್ಲಿ ಕ್ಲಿಂಟನ್‌ಗೇ ವೋಟು ಹಾಕಿದೆ. ಆದರೆ ಒಂದು ಬಾಗಿಲನ್ನೂ ತಟ್ಟಲಿಲ್ಲ. ಮಿಷಿಗನ್‌ನಲ್ಲಿ ಟ್ರಂಪ್ ಗೆದ್ದದ್ದು 10,704 ವೋಟಿನಿಂದ. ಆ ಹಿರಿಯರು ಯಾರಿಗೆ ಹಾಕಿದರು ಅಂತ ನಾನು ಕೇಳಲೇ ಇಲ್ಲ, ಈಗ ಅವರು ಇಲ್ಲ. ನಾನು ದುಡಿದಿದ್ದರೆ ಫಲಿತಾಂಶ ಬದಲಾಗುತ್ತಿತ್ತು ಎಂದು ಹೇಳುತ್ತಿಲ್ಲ ಅಕ್ಕಾ. ನನ್ನನ್ನು ಕೇಳಿದ ಒಬ್ಬರಿಗೆ ಉತ್ತರ ಕೊಡಲಿಲ್ಲ, ಅದು ಕೊರೆಯುತ್ತದೆ.

ಚುನಾವಣೆ ಆದ ಮೇಲಿನ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ಪ್ರೈಮರಿಯಲ್ಲಿ ಸ್ಯಾಂಡರ್ಸ್‌ಗೆ ಹಾಕಿದವರಲ್ಲಿ ಸುಮಾರು ಶೇ. 12 ಜನ ಟ್ರಂಪ್‌ಗೆ ಹಾಕಿದ್ದರು. ಹೆಚ್ಚಿನವರು ನನ್ನ ಹಾಗೇ ಕ್ಲಿಂಟನ್‌ಗೇ ಹಾಕಿದವರು. ಅಂದರೆ ಬೂ ಅಂದವರೆಲ್ಲ ಕಡೆಗೆ ಬಿಟ್ಟು ಹೋಗುವುದಿಲ್ಲ. ನಿಮ್ಮ ಗುಂಪು ಬಿಟ್ಟ ಒಂಬತ್ತು ಜನರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ. ವೋಟಿನ ಮಾತು ಎತ್ತಬೇಡಿ. ಊಟ ಆಯ್ತಾ ಅಂತ ಕೇಳಿ ಸಾಕು.

2018ರಲ್ಲಿ ನನಗೆ ಇನ್ನೊಂದು ಅವಕಾಶ ಸಿಕ್ಕಿತು. ಗವರ್ನರ್ ಪ್ರೈಮರಿಯಲ್ಲಿ ನಾನು ಅಬ್ದುಲ್ ಎಲ್-ಸಯೀದ್ ಕಡೆ ಇದ್ದೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಕೂಡ ನಿಂತಿದ್ದರು. ಆಗಸ್ಟ್ 7ಕ್ಕೆ ಗ್ರೆಚನ್ ವಿಟ್ಮರ್ ಗೆದ್ದರು, ಇವರಿಬ್ಬರೂ ಸೋತರು, ಇಬ್ಬರೂ ಅವರಿಗೆ ಬೆಂಬಲ ಹೇಳಿದರು. ಆ ಸಲ ನಾನು ಒಂದು ವಾರ ಮಾತ್ರ ಮುನಿಸಿಕೊಂಡಿದ್ದೆ. ಆಮೇಲೆ ಹಿಂದೆ ನಾನೇ ತಟ್ಟಿದ ಬಾಗಿಲುಗಳಿಗೆ ಮತ್ತೆ ಹೋದೆ. "ಹೋದ ಸಲ ಬೇರೆಯವರ ಹೆಸರು ಹೇಳಿದ್ದೆ, ಅವರು ಸೋತರು, ನನಗೂ ಬೇಜಾರಿದೆ" ಎಂದೇ ಮಾತು ಶುರು ಮಾಡುತ್ತಿದ್ದೆ. ಇದನ್ನು ಮುಚ್ಚಿಡದೇ ಹೇಳಿದ್ದಕ್ಕೇ ಜನ ಬಾಗಿಲು ಪೂರ್ತಿ ತೆಗೆದರು ಅನಿಸುತ್ತದೆ.

ಆ ಹುಡುಗ "ಮೊದಲ ಸಲವಾ" ಅಂದದ್ದು ನಿಮಗೆ ಯಾಕೆ ಚುಚ್ಚಿತು ಅಂತ ನನಗೆ ಗೊತ್ತು. ನಾಯಕರು ಕೊಟ್ಟ ಬೆಂಬಲ ಪೇಪರಿನಲ್ಲಿ ಬರುತ್ತದೆ, ನಾವು ಸವೆಸಿದ ಚಪ್ಪಲಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇನ್ನೊಂದು ಸಲ ಹೋಗಿ. ಕೇಳುವ ಮುಂಚೆಯೇ ನೀವೇ ಹೇಳಿ, ಯಾವ ಬೀದಿ, ಎಷ್ಟು ಮನೆ ಅಂತ. ಆಮೇಲೂ ಅವರು ಬೆಲೆ ಕೊಡದಿದ್ದರೆ ವೋಟು ಮಾತ್ರ ಹಾಕಿ ಮನೆಯಲ್ಲಿರಿ. ಅದರಲ್ಲಿ ತಪ್ಪಿಲ್ಲ.

ಟೆಕ್ಸಾಸ್‌ನಿಂದ

ನಾನು ಇನ್ನೊಂದು ಪಕ್ಷದವನು, ರಿಪಬ್ಲಿಕನ್, ಆದರೂ ನೋವು ಒಂದೇ. 2016ರ ಪ್ರೈಮರಿಯಲ್ಲಿ ಟ್ರಂಪ್ ಎದುರು ನಿಂತಿದ್ದ ಟೆಡ್ ಕ್ರೂಜ್ ಕಡೆ ಇದ್ದೆ. ಜುಲೈ 20ಕ್ಕೆ ಕ್ಲೀವ್‌ಲ್ಯಾಂಡ್ ಅಧಿವೇಶನದಲ್ಲಿ ಅವರು ಟ್ರಂಪ್‌ಗೆ ಬೆಂಬಲ ಹೇಳದೇ, ಮನಸ್ಸಾಕ್ಷಿಯಂತೆ ವೋಟು ಹಾಕಿ ಅಂದರು. ಸಭೆಯೆಲ್ಲ ಬೂ ಅಂದಿತು. ತಮ್ಮ ಹೆಂಡತಿ, ತಂದೆ ಬಗ್ಗೆ ಟ್ರಂಪ್ ಆಡಿದ್ದ ಮಾತುಗಳನ್ನು ಅವರು ನುಂಗಲಿಲ್ಲ ಅಂತ ನಾನು ಹೆಮ್ಮೆಪಟ್ಟೆ. ಸೆಪ್ಟೆಂಬರ್ 23ಕ್ಕೆ ಅವರೇ ಬೆಂಬಲ ಘೋಷಿಸಿದರು. ಜುಲೈನಲ್ಲಿ ಬೈದವರು ತಡವಾಯಿತು ಅಂದರು, ಹೊಗಳಿದ ನಮ್ಮಂಥವರಿಗೆ ಮೋಸವಾದಂತೆ ಅನಿಸಿತು. ಎರಡೂ ಕಡೆ ಕಳೆದುಕೊಂಡರು ಅಂತ ನನ್ನ ಅಭಿಪ್ರಾಯ. ನಿಮ್ಮವರು ಐದೇ ದಿನಕ್ಕೆ ಹೇಳಿದರಲ್ಲ, ಅದೇ ಮೇಲು ಮೇಡಂ.

2024ರ ಪ್ರೈಮರಿಯಲ್ಲಿ ಟ್ರಂಪ್ ಎದುರು ನಿಂತಿದ್ದ ನಿಕ್ಕಿ ಹೇಲಿಗೆ ವೋಟು ಹಾಕಿದೆ. ಮಾರ್ಚ್ 6ಕ್ಕೆ ಕಣ ಬಿಟ್ಟಾಗ ಅವರು ಬೆಂಬಲ ಹೇಳಲಿಲ್ಲ. ನನಗೆ ವೋಟು ಹಾಕಿದವರ ಮನಸ್ಸನ್ನು ಟ್ರಂಪ್ ತಾವೇ ಗೆಲ್ಲಬೇಕು ಅಂದರು. ಆ ಮಾತು ನನಗೆ ಬಹಳ ಹಿಡಿಸಿತು, ಏಕೆಂದರೆ ನನ್ನ ವೋಟು ನನ್ನದು ಎಂದು ಅವರು ಒಪ್ಪಿದರು. ಅವರು ಕಣದಲ್ಲಿ ಇಲ್ಲದೇ ಎರಡು ತಿಂಗಳಾದ ಮೇಲೂ ಇಂಡಿಯಾನಾ ಪ್ರೈಮರಿಯಲ್ಲಿ ಶೇ. 21ಕ್ಕಿಂತ ಜಾಸ್ತಿ ಜನ ಅವರಿಗೇ ಒತ್ತಿದರು. ಜುಲೈನಲ್ಲಿ ಮಿಲ್ವಾಕಿ ಅಧಿವೇಶನಕ್ಕೆ ಬಂದು ಅವರೂ ಬೆಂಬಲ ಹೇಳಿದರು. ನನ್ನ ಗೆಳೆಯರಲ್ಲಿ ಕೆಲವರು ಅವರ ಹಿಂದೆ ಹೋದರು, ಕೆಲವರು ಹೋಗಲಿಲ್ಲ. ಗೆಳೆತನ ಉಳಿದಿದೆ.

ಕ್ವೀನ್ಸ್‌ನಿಂದ

ನಮ್ಮ ನ್ಯೂಯಾರ್ಕ್‌ನಲ್ಲಿ 2025ರ ಮೇಯರ್ ಪ್ರೈಮರಿಯಲ್ಲಿ ಇದು ತಿರುಗಾಮುರುಗಾ ಆಯಿತು. ಇಲ್ಲಿ ಐದು ಜನರನ್ನು ಕ್ರಮವಾಗಿ ಆರಿಸಬಹುದು. ಜೂನ್ 24ರ ಮತದಾನಕ್ಕೆ ಹನ್ನೊಂದು ದಿನ ಮುಂಚೆಯೇ ಜೊಹ್ರಾನ್ ಮಮ್ದಾನಿ ಮತ್ತು ಬ್ರಾಡ್ ಲ್ಯಾಂಡರ್, ಒಬ್ಬರ ಬೆಂಬಲಿಗರು ಇನ್ನೊಬ್ಬರನ್ನು ಎರಡನೆಯವರಾಗಿ ಬರೆಯಲಿ ಎಂದು ಒಟ್ಟಿಗೆ ಹೇಳಿದರು. ನಾನು ಲ್ಯಾಂಡರ್ ಕಡೆಯವಳು. ಅವರು ಸೋತಾಗ ಬೇಜಾರಾಯಿತು, ಆದರೆ ಯಾರೋ ಕೈಬಿಟ್ಟರು ಅನಿಸಲಿಲ್ಲ. ಮುಂಚೆಯೇ ಹೇಳಿದ್ದರಲ್ಲ. ನಿಮ್ಮ ಅಭ್ಯರ್ಥಿ ಐದನೇ ದಿನ ಕೈ ಎತ್ತುವ ಮುಂಚೆ ವಾಲಂಟಿಯರ್‌ಗಳನ್ನು ಕೂರಿಸಿ ಮಾತಾಡಿದರಾ ಅಕ್ಕ? ಇಲ್ಲದಿದ್ದರೆ ಈಗಲಾದರೂ ಒಂದು ಸಭೆ ಕರೆಯಿರಿ ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ.

ಮತ್ತೆ ನ್ಯೂಜೆರ್ಸಿಯಿಂದ

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಮಿಷಿಗನ್‌ನ ತಮ್ಮಾ, ಬೇಲಿ ಹತ್ತಿರದ ಆ ಸಂಜೆ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ನಮ್ಮ ಅಭ್ಯರ್ಥಿಗೆ ಇಮೇಲ್ ಮಾಡಿದೆ. ಮುಂದಿನ ಭಾನುವಾರ ನಮ್ಮ ಗುಂಪಿನ ಜೊತೆ ಕೂರುತ್ತೇನೆ ಎಂದಿದ್ದಾರೆ. ಒಂಬತ್ತು ಜನರಲ್ಲಿ ನಾಲ್ವರಿಗೆ ಫೋನ್ ಮಾಡಿದೆ, ಮೂವರು ಬರುತ್ತಾರಂತೆ. ಒಬ್ಬರು ಎತ್ತಲಿಲ್ಲ.

ವರ್ಜೀನಿಯಾ ಅಕ್ಕ ಹೇಳಿದ ಪ್ರಶ್ನೆಯನ್ನು ನಿನ್ನೆ ರಾತ್ರಿ ಮಗನಿಗೆ ಕೇಳಿದೆ. ದೋಸೆ ತಿನ್ನುತ್ತಾ ಇದ್ದವನು ನಿಲ್ಲಿಸಿ, ಇನ್ಸುಲಿನ್ ಬೆಲೆ ಅಂದ. ಅವನ ಗೆಳೆಯನಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ನನಗೆ ಇದು ಗೊತ್ತೇ ಇರಲಿಲ್ಲ. ಗೆದ್ದವರು ಇದರ ಬಗ್ಗೆ ಏನು ಹೇಳಿದ್ದಾರೆ ಅಂತ ಇಬ್ಬರೂ ಹುಡುಕಿ ಓದಿದೆವು. ನಮ್ಮವರು ಹೇಳಿದಷ್ಟು ಇಲ್ಲ, ಆದರೆ ಏನೂ ಇಲ್ಲ ಅಂತಲೂ ಅಲ್ಲ. ವೋಟು ಹಾಕುತ್ತೇನೆ ಎಂದು ಅವನು ಇನ್ನೂ ಹೇಳಿಲ್ಲ. ಶನಿವಾರ ಆ ಕಚೇರಿಗೆ ನನ್ನನ್ನು ಕಾರಿನಲ್ಲಿ ಬಿಡುತ್ತೇನೆ ಎಂದಿದ್ದಾನೆ.